ಸಾವಯವ ಹಾಲು: ಮೊದಲು ಹಿಂಡಿ ಚೀಲ ನೋಡಿ

ಹಾಲಿನ ಗುಣ ತಿಳಿಯಬೇಕಾದರೆ ನಾನು ಕೊಟ್ಟಿಗೆಯಲ್ಲಿ ಮೊದಲು ಹಸುವಿನ ಹತ್ತಿರ ಹೋಗುವುದಿಲ್ಲ. ಹಿಂಡಿ, ಬೂಸಾ ಇಟ್ಟ ಮೂಲೆಗೆ ಹೋಗುತ್ತೇನೆ.

ಒಂದು ಮಳೆಗಾಲದಲ್ಲಿ ಪಟ್ಟಣಕ್ಕೆ ಗಾಜಿನ ಬಾಟಲಿಯಲ್ಲಿ 'ಶುದ್ಧ ಸಾವಯವ' ಹಾಲು ಕೊಡುತ್ತಿದ್ದ ಒಂದು ಕೊಟ್ಟಿಗೆಗೆ ಹೋಗಿದ್ದೆ. ಹಸುಗಳು ದಷ್ಟಪುಷ್ಟವಾಗಿದ್ದವು, ನೆಲ ತೊಳೆದಿತ್ತು. ಆದರೆ ಕಡಲೆಕಾಯಿ ಹಿಂಡಿಯ ಚೀಲಗಳು ಗೋಡೆಗೆ ಒರಗಿ ಬರೀ ನೆಲದ ಮೇಲೆ ಕೂತಿದ್ದವು. ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು, ಹಿಂಡಿ ಗಂಟು ಕಟ್ಟಿ ಹಸಿರು ಬೂಷ್ಟು ಹಿಡಿದಿತ್ತು. "ಬಿಸಿಲಿಗೆ ಹಾಕಿ ಒಣಗಿಸಿ ಕೊಡ್ತೀವಿ ಡಾಕ್ಟ್ರೇ," ಅಂದರು ಮನೆಯವರು. ಮೋಸ ಮಾಡುವ ಜನ ಅಲ್ಲ ಅವರು. ಒಣಗಿಸಿದರೆ ಬೂಷ್ಟು ಉದುರುತ್ತದೆ, ಅದು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಉಳಿಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಹಸು ಅದನ್ನು ತಿಂದರೆ ಪಿತ್ತಜನಕಾಂಗದಲ್ಲಿ ಅದು ಅಫ್ಲಾಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಕುದಿಸಿದರೆ ಹೋಗುವುದಿಲ್ಲ. ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರು, ಚೀಸಿನಲ್ಲಿ ಇನ್ನೂ ಸಾಂದ್ರವಾಗುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೆ ಇಟ್ಟಿರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಪ್ರಾಧಿಕಾರವೇ 2018ರಲ್ಲಿ ದೇಶದಾದ್ಯಂತ 6,432 ಮಾದರಿ ಪರೀಕ್ಷಿಸಿದಾಗ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಎಂ1 ಮಿತಿ ಮೀರಿದ್ದು 368ರಲ್ಲಿ. ನಾವು ಯೂರಿಯಾ, ಸೋಪಿನ ಪುಡಿ ಎಂದು ಹೆದರುತ್ತಾ ಕೂತಿದ್ದೇವೆ, ತೊಂದರೆ ಮೇವಿನ ಚೀಲದಲ್ಲಿದೆ.

ಹಾಗಾದರೆ ಸಾವಯವ ಎಂಬ ಮಾತಿಗೆ ಬೆಲೆ ಇಲ್ಲವೇ? ಖಂಡಿತ ಇದೆ. 2017ರ ನಿಯಮದ ಪ್ರಕಾರ ಪ್ಯಾಕೆಟ್ಟಿನ ಮೇಲೆ ಹಾಗೆ ಬರೆಯಬೇಕಾದರೆ ಕೇಂದ್ರ ಸರ್ಕಾರದ ಸಾವಯವ ಯೋಜನೆಯಾದ ಎನ್‌ಪಿಒಪಿ ಅಥವಾ ರೈತರ ಗುಂಪೇ ಪರಸ್ಪರ ಪರಿಶೀಲಿಸಿ ಕೊಡುವ ಪಿಜಿಎಸ್-ಇಂಡಿಯಾ ದೃಢೀಕರಣ ಇರಬೇಕು. ಅದಕ್ಕೆ ಮೇವೂ ಸಾವಯವವೇ ಆಗಿರಬೇಕು, ಕಾಯಿಲೆ ಇಲ್ಲದ ಹಸುವಿಗೆ ಸುಮ್ಮನೆ ಆ್ಯಂಟಿಬಯಾಟಿಕ್ ಕೊಡುವಂತಿಲ್ಲ. ಆದರೆ ರಾಸಾಯನಿಕ ಕಾಣದ ಹಿಂಡಿಗೂ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಹಾಲು ಕೊಡುವವರನ್ನು ಕೇಳಿ: ಹಿಂಡಿ ಹಲಗೆಯ ಮೇಲಿದೆಯೇ, ಎಷ್ಟು ದಿನಕ್ಕೊಮ್ಮೆ ತರುತ್ತೀರಿ, ಎಂ1 ಪರೀಕ್ಷೆ ಮಾಡಿಸಿದ್ದೀರಾ? ದೊಡ್ಡ ಬ್ರ್ಯಾಂಡಾದರೆ ಪರೀಕ್ಷಾ ವರದಿಯನ್ನೇ ಕೇಳಿ.

ಇನ್ನೊಂದು ಪ್ರಶ್ನೆ ಕೆಚ್ಚಲು ಬಾವಿನದು. ಒಳ್ಳೆಯ ರೈತರು ಕರೆಯುವ ಮುಂಚೆ ಪ್ರತಿ ಮೊಲೆಯ ಮೊದಲ ಎರಡು ಮೂರು ಎಳೆ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡುತ್ತಾರೆ. ಕಪ್ಪಿನ ಮೇಲೆ ಬಿಳಿ ಚೂರು ತೇಲಿದರೆ ಬಾವು ಶುರುವಾಗಿದೆ ಎಂದರ್ಥ. ಅದಕ್ಕೆ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಕೊಟ್ಟ ಮೇಲೆ ಔಷಧದ ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹಾಲು ಮಾರಬಾರದು. ಆ ದಿನಗಳ ಹಾಲು ಏನು ಮಾಡಿದಿರಿ ಎಂದು ಕೇಳಿದಾಗ ತಾರೀಖು ಬರೆದ ನೋಟ್‌ಬುಕ್ ತೋರಿಸುವವರ ಹತ್ತಿರ ನಾನು ಕಣ್ಣು ಮುಚ್ಚಿ ಹಾಲು ಕೊಳ್ಳುತ್ತೇನೆ. 'ನಮ್ಮ ಹಸುವಿಗೆ ಕಾಯಿಲೆಯೇ ಬರಲ್ಲ' ಎನ್ನುವವರ ಹತ್ತಿರ ಕೊಳ್ಳುವುದಿಲ್ಲ.

'ಎ2 ಹಾಲು' ಎಂದು ಮಾರುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎ2 ಎಂದರೆ ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನಿನ ಒಂದು ಬಗೆ. ನಮ್ಮ ಹಳ್ಳಿಕಾರ್, ಮಲೆನಾಡು ಗಿಡ್ಡ ತಳಿಗಳ ಹಾಲು ಬಹುಪಾಲು ಎ2 ಕೇಸಿನ್ನಿನದೇ. ಅದು ತಳಿಯ ಗುಣ, ಚೊಕ್ಕತನಕ್ಕೆ ಸಾಕ್ಷಿ ಅಲ್ಲ. ಹಸಿ ಹಾಲು ಮಾತ್ರ ಯಾವ ತಳಿಯದಾದರೂ ಕುಡಿಯಬೇಡಿ. ಬ್ರುಸೆಲ್ಲಾ ಬ್ಯಾಕ್ಟೀರಿಯಾದ ಜ್ವರ, ಕ್ಷಯ ಎರಡೂ ಹಸಿ ಹಾಲಿನಿಂದ ಬರುತ್ತವೆ, ಎರಡಕ್ಕೂ ಕುದಿ ಸಾಕು.

ತುಪ್ಪ ಕೊಳ್ಳುವಾಗ ಒಂದು ಲೆಕ್ಕ ಹಾಕಿ. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 4. ಒಂದು ಕೆಜಿ ತುಪ್ಪಕ್ಕೆ ಕಡಿಮೆಯೆಂದರೂ 25 ಲೀಟರ್ ಹಾಲು ಬೇಕು. ಮಲೆನಾಡು ಗಿಡ್ಡ ದಿನಕ್ಕೆ ಕೊಡುವುದೇ ಒಂದೆರಡು ಲೀಟರ್. ನಾಟಿ ಹಾಲು ಲೀಟರಿಗೆ 80 ರೂಪಾಯಿ ಎಂದಿಟ್ಟುಕೊಂಡರೂ ಬರೀ ಹಾಲಿಗೇ 2,000 ಆಯಿತು. ಆರುನೂರಕ್ಕೆ ಕೆಜಿ ನಾಟಿ ತುಪ್ಪ ಎಂದರೆ ಅದರಲ್ಲಿ ಇನ್ನೇನೋ ಬೆರೆತಿದೆ.