ವರ್ಚಸ್ಸು ಕಲಿಯಬಹುದೇ? ನಾಯಕತ್ವ ಪತ್ರಿಕೆಗೆ ನನ್ನ ಟಿಪ್ಪಣಿ

ನಮ್ಮ ಸಂಜೆ ಕಾಲೇಜಿನ ಕೋರ್ಸಿನಲ್ಲಿ ನಾಯಕತ್ವ ಅನ್ನುವ ಪರೀಕ್ಷಾ ಪತ್ರಿಕೆಯಿದೆ. ಅದರಲ್ಲಿ ನಮ್ಮ ಬ್ಯಾಚಿನ ಅರ್ಧ ಜನ ಓದದೇ ಬಿಡುವ ಘಟಕ ಈ ವರ್ಚಸ್ಸು. ‘ವರ್ಚಸ್ಸೆಲ್ಲ ಹುಟ್ಟಿನಿಂದ ಬರಬೇಕು, ಓದಿದರೆ ಬರುತ್ತದಾ?’ ಅನ್ನುವುದು ಎಲ್ಲರ ವಾದ. ತಪ್ಪು ನಮ್ಮದಲ್ಲ, ಪದದ್ದೇ. ವರ್ಚಸ್ಸು ಅಂದರೆ ಸಂಸ್ಕೃತದಲ್ಲಿ ಕಾಂತಿ, ತೇಜಸ್ಸು. ಇಂಗ್ಲಿಷಿನ ‘ಕರಿಸ್ಮಾ’ಗೆ ಮೂಲವಾದ ಗ್ರೀಕಿನ ‘ಖಾರಿಸ್ಮಾ’ ಅಂದರೆ ಕೃಪೆಯಿಂದ ದೊರೆತ ವರ. ಚುನಾವಣೆ ಬಂತೆಂದರೆ ನಮ್ಮ ದಿನಪತ್ರಿಕೆಗಳಲ್ಲಿ ‘ಅಭ್ಯರ್ಥಿಯ ವೈಯಕ್ತಿಕ ವರ್ಚಸ್ಸು’ ಎಂದು ಓದುತ್ತೇವಲ್ಲ, ಅಲ್ಲೂ ಅದೇ ಭಾವ: ಕೆಲವರ ಹತ್ತಿರ ಇದೆ, ಉಳಿದವರ ಹತ್ತಿರ ಇಲ್ಲ. ಸಂಜೆ ಕಾಲೇಜಿಗೆ ಬರುವ ಮುಂಚೆ ನಾನೂ ಹಾಗೇ ತಿಳಿದಿದ್ದೆ.

ವೆಬರ್ ಏನು ಹೇಳಿದ

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ (1864–1920) ಅಧಿಕಾರವನ್ನು ಮೂರು ಬಗೆಯಾಗಿ ನೋಡಿದ: ಸಂಪ್ರದಾಯದಿಂದ ಬಂದದ್ದು, ಕಾನೂನು-ನಿಯಮದಿಂದ ಬಂದದ್ದು, ವರ್ಚಸ್ಸಿನಿಂದ ಬಂದದ್ದು. ಗೌಡಿಕೆ ಮೊದಲನೆಯದು, ತಹಶೀಲ್ದಾರರ ಸಹಿ ಎರಡನೆಯದು. ಮೂರನೆಯದು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಬಹಳಷ್ಟು ಜನ ‘ನಾಯಕನ ಅಸಾಧಾರಣ ಗುಣದಿಂದ’ ಎಂದಷ್ಟೇ ಬರೆದು ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ಹಿಂಬಾಲಿಸುವವರು ಆ ಗುಣವನ್ನು ಒಪ್ಪಬೇಕು ಅನ್ನುವುದು ವೆಬರ್‌ನ ಮುಖ್ಯ ಮಾತು. ನಾಯಕ ಮತ್ತೆ ಮತ್ತೆ ರುಜುವಾತು ಕೊಡುತ್ತಿರಬೇಕು. ಬಹಳ ದಿನ ಫಲ ಕಾಣಿಸದಿದ್ದರೆ ವರ್ಚಸ್ಸು ಕರಗುತ್ತದೆ. ನನ್ನ ಲೆಕ್ಕದಲ್ಲಿ ಅದು ಆಸ್ತಿಯಲ್ಲ, ಜನ ಕೊಟ್ಟ ಕೈಸಾಲ. ಈ ಒಂದು ಮಾತು ತಲೆಯಲ್ಲಿದ್ದರೆ ಇಡೀ ಘಟಕ ಸುಲಭ.

ಲೋಸಾನ್ ಪ್ರಯೋಗ

ಹಾಗಾದರೆ ಕಲಿಸಬಹುದೇ? ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾಲಯದ ಜಾನ್ ಆಂಟೊನಾಕಿಸ್, ಮರಿಕಾ ಫೆನ್ಲಿ, ಸೂ ಲಿಯೆಕ್ಟಿ ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ 34 ಮ್ಯಾನೇಜರುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ತರಬೇತಿ ಕೊಟ್ಟರು. ಮೂರು ತಿಂಗಳ ಮೇಲೆ ಅಂಕ ಕೊಟ್ಟವರು ತರಬೇತುದಾರರಲ್ಲ, ಅದೇ ಮ್ಯಾನೇಜರುಗಳ ಜೊತೆ ಕೆಲಸ ಮಾಡುವವರು. ಇನ್ನೊಂದರಲ್ಲಿ 41 ಎಂಬಿಎ ವಿದ್ಯಾರ್ಥಿಗಳು ತರಬೇತಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಭಾಷಣ ಮಾಡಿದರು. ಎರಡರಲ್ಲೂ ತರಬೇತಿಯಿಂದ ವ್ಯತ್ಯಾಸ ಆಯಿತು. 34, 41 ದೊಡ್ಡ ಸಂಖ್ಯೆಗಳಲ್ಲ, ಅದನ್ನೂ ಉತ್ತರದಲ್ಲಿ ಬರೆಯಿರಿ. ಆದರೂ ‘ಹುಟ್ಟುಗುಣ’ ವಾದಕ್ಕೆ ಇಷ್ಟು ನೇರವಾಗಿ ಕೈಹಾಕಿದ ಕೆಲಸ ಈ ಘಟಕದಲ್ಲಿ ಬೇರೆ ಇಲ್ಲ.

ಅವರು ಕಲಿಸಿದ್ದು 12 ತಂತ್ರಗಳನ್ನು, ಅದರಲ್ಲಿ ಒಂಬತ್ತು ಮಾತಿಗೆ ಸೇರಿದ್ದು. ಉಪಮೆ-ರೂಪಕ, ಕಥೆ, ‘ಅದಲ್ಲ, ಇದು’ ಎನ್ನುವ ವೈದೃಶ್ಯ, ಉತ್ತರ ಒಳಗೇ ಇರುವ ಪ್ರಶ್ನೆ, ಮೂರರ ಪಟ್ಟಿ, ಸರಿ-ತಪ್ಪಿನ ಬಗ್ಗೆ ದಿಟ್ಟ ನಿಲುವು, ಗುಂಪಿನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದು, ಎತ್ತರದ ಗುರಿ, ಅದು ಕೈಗೂಡುತ್ತದೆಂಬ ಭರವಸೆ. ಉಳಿದ ಮೂರು ದನಿಯ ಏರಿಳಿತ, ಮುಖಭಾವ, ಕೈಸನ್ನೆ. ನಮ್ಮ ಹರಿಕಥೆ ದಾಸರು ಇದನ್ನೆಲ್ಲ ಇಂಥ ತರಬೇತಿಯೇನೂ ಇಲ್ಲದೆ ಒಂದೇ ಸಂಜೆಯಲ್ಲಿ ಮಾಡಿ ತೋರಿಸುತ್ತಾರೆ ಅಂತ ನನ್ನ ಅಮ್ಮ ಹೇಳಿದರು. ಇಲ್ಲ ಎನ್ನಲಾಗಲಿಲ್ಲ.

‘ಗುಂಪಿನ ಮನಸ್ಸು’ ಅನ್ನುವುದು ಬರೀ ಮಾತಲ್ಲೇ ಇರಬೇಕಿಲ್ಲ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ ಆರಂಭಿಸಿ, ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ‘ಸಾಮಾನ್ಯ ಮನುಷ್ಯ’ನನ್ನು ಕಂಪನಿಯ ಗುರುತಾಗಿ ಇಟ್ಟುಕೊಂಡರು. ಚೌಕಳಿ ಕೋಟಿನ ಆ ಮುದುಕನನ್ನು ವಿಮಾನದ ಜೊತೆ ನೋಡಿದವರಿಗೆ ‘ಇದು ನಮ್ಮಂಥವರಿಗೆ’ ಎಂದು ಬೇರೆ ಹೇಳಬೇಕಿರಲಿಲ್ಲ. ಜೊತೆಗೆ ಒಂದು ರೂಪಾಯಿ ಟಿಕೆಟ್. ಕಂಪನಿ ಮುಂದೆ ಕಿಂಗ್‌ಫಿಷರ್ ತೆಕ್ಕೆಗೆ ಹೋಗಿ 2008ರಲ್ಲಿ ಹೆಸರೂ ಬದಲಾಯಿತು.

2007ರ ಜನವರಿ 9

ತಂತ್ರಗಳನ್ನು ಬಾಯಿಪಾಠ ಮಾಡುವ ಬದಲು ಒಂದು ಭಾಷಣ ಬಿಡಿಸಿ ನೋಡುವುದು ಲೇಸು. ಅಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದ ಭಾಷಣ. ‘ಈ ದಿನಕ್ಕಾಗಿ ಎರಡೂವರೆ ವರ್ಷದಿಂದ ಕಾಯುತ್ತಿದ್ದೇನೆ’ ಎಂದು ಶುರು ಮಾಡುತ್ತಾನೆ. ಆಮೇಲೆ, ಮೂರು ಹೊಸ ಸಾಧನ ತಂದಿದ್ದೇವೆ ಅನ್ನುತ್ತಾನೆ: ಅಗಲ ಪರದೆಯ ಐಪಾಡ್, ಮೊಬೈಲ್ ಫೋನ್, ಇಂಟರ್ನೆಟ್ ಸಾಧನ. ಮತ್ತೆ ಅದೇ ಮೂರನ್ನು ಹೇಳುತ್ತಾನೆ. ಮತ್ತೊಮ್ಮೆ. ‘ಗೊತ್ತಾಗ್ತಿದೆಯಾ?’ ಅಂತ ಕೇಳುವ ಹೊತ್ತಿಗೆ ಸಭೆ ನಗುತ್ತಿದೆ, ಚಪ್ಪಾಳೆ ಹೊಡೆಯುತ್ತಿದೆ. ಇವು ಮೂರಲ್ಲ, ಒಂದೇ!

ಮೂರರ ಪಟ್ಟಿ, ವೈದೃಶ್ಯ, ಪ್ರಶ್ನೆ, ಮೂರೂ ಒಂದು ನಿಮಿಷದ ಆಸುಪಾಸಿನಲ್ಲಿ ಬಂದುಹೋದವು. ಆದರೆ ಗಮನಿಸಬೇಕಾದ್ದು ಆತ ಉತ್ತರವನ್ನು ತಾನು ಹೇಳುವ ಮುಂಚೆ ಸಭಿಕರ ಬಾಯಿಗೆ ಬರುವಂತೆ ಮಾಡಿದ್ದು. ಒಗಟು ಬಿಡಿಸಿದವರು ಅವರು. ವರ್ಚಸ್ಸನ್ನು ಹಿಂಬಾಲಿಸುವವರು ಒಪ್ಪಬೇಕು ಎಂಬ ವೆಬರ್‌ನ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಅದರ ಹಿಂದೆ ದಿನಗಟ್ಟಲೆ ತಾಲೀಮು ಇತ್ತು. ಫೋನ್ ಇನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ, ಮಧ್ಯೆ ಮಧ್ಯೆ ಕೈಕೊಡುತ್ತಿತ್ತು. ಯಾವ ಕ್ರಮದಲ್ಲಿ ತೋರಿಸಿದರೆ ಕೆಡುವುದಿಲ್ಲ ಎಂದು ಎಂಜಿನಿಯರುಗಳು ಹುಡುಕಿಟ್ಟಿದ್ದರು. ಸಿಗ್ನಲ್ ಎಷ್ಟೇ ಇರಲಿ, ಪರದೆಯಲ್ಲಿ ಐದು ಕಡ್ಡಿ ಕಾಣುವ ಹಾಗೆ ಮಾಡಿದ್ದರು. ಇದು ಸರಿಯೇ? ನಮ್ಮ ತರಗತಿಯಲ್ಲಿ ಮುಕ್ಕಾಲು ಗಂಟೆ ಜಗಳ ನಡೆಯಿತು. ಜೂನ್ 29ಕ್ಕೆ ಫೋನ್ ಅಂಗಡಿಗೆ ಬಂತು, ಜನ ಕೊಟ್ಟ ಕೈಸಾಲ ತೀರಿತು, ಹಾಗಾಗಿ ಕ್ಷಮೆ ಇದೆ ಅನ್ನುವುದು ನನ್ನ ಪಕ್ಷ.

ಜಾಬ್ಸ್‌ನ ಕಪ್ಪು ಅಂಗಿಯನ್ನೇ ತೊಟ್ಟು ಬಂದ ಎಲಿಜಬೆತ್ ಹೋಮ್ಸ್ 2003ರಲ್ಲಿ ಥೆರನೋಸ್ ಎಂಬ ರಕ್ತಪರೀಕ್ಷೆಯ ಕಂಪನಿ ಕಟ್ಟಿದಳು. ಬೆರಳ ತುದಿಯ ಕೆಲವು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಅನ್ನುವುದು ಅವಳ ಮಾತು. ಕಥೆ ಇತ್ತು, ಎತ್ತರದ ಗುರಿ ಇತ್ತು, ದನಿ ಇತ್ತು, ಇಲ್ಲದ್ದು ಯಂತ್ರ ಮಾತ್ರ. 2015ರಲ್ಲಿ ಪತ್ರಿಕೆಯೊಂದು ಬಯಲಿಗೆಳೆಯಿತು, 2022ರ ಜನವರಿಯಲ್ಲಿ ವಂಚನೆಯ ಆರೋಪಗಳು ಸಾಬೀತಾದವು, ಅದೇ ನವೆಂಬರಿನಲ್ಲಿ 11 ವರ್ಷ ಮೀರಿದ ಜೈಲು ಶಿಕ್ಷೆ ಆಯಿತು. 12 ತಂತ್ರಗಳ ಪಟ್ಟಿಯನ್ನಷ್ಟೇ ಹಿಡಿದು ಅಂಕ ಹಾಕಿದರೆ ಹೋಮ್ಸ್‌ಗೂ ಒಳ್ಳೆಯ ಅಂಕ ಬರುತ್ತದೆ. ಪಟ್ಟಿಯ ದೌರ್ಬಲ್ಯ ಅದೇ.

ನಾಯಕ ಎದ್ದು ಹೋದ ಮೇಲೆ

ನಾಯಕ ಹೋದ ಮೇಲೆ ವರ್ಚಸ್ಸು ಏನಾಗುತ್ತದೆ? ಇದು ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ವರ್ಚಸ್ಸು ಒಬ್ಬ ವ್ಯಕ್ತಿಯಲ್ಲೇ ಉಳಿಯಲಾರದು, ಕ್ರಮೇಣ ಪದ್ಧತಿಯಾಗಬೇಕು, ಹುದ್ದೆಗೆ ಅಂಟಬೇಕು ಎಂದ ವೆಬರ್. ಉದಾಹರಣೆಗೆ ಇನ್ಫೋಸಿಸ್ ಬರೆಯಿರಿ. 1981ರಲ್ಲಿ ಏಳು ಜನ ಸೇರಿ ಕಟ್ಟಿದ ಕಂಪನಿ. ನಾರಾಯಣ ಮೂರ್ತಿ 2002ರವರೆಗೆ ಸಿಇಒ, ಆಮೇಲೆ ನಂದನ್ ನಿಲೇಕಣಿ, ಕ್ರಿಸ್ ಗೋಪಾಲಕೃಷ್ಣನ್, ಶಿಬುಲಾಲ್, ಹೀಗೆ ಸ್ಥಾಪಕರ ಸಾಲಿನಲ್ಲೇ ಸರದಿ. 2011ರಲ್ಲಿ ನಿವೃತ್ತರಾದ ಮೂರ್ತಿ 2013ರಲ್ಲಿ ಮತ್ತೆ ಬಂದರು. 2014ರಲ್ಲಿ ಮೊದಲ ಬಾರಿಗೆ ಸ್ಥಾಪಕರಲ್ಲದ ವಿಶಾಲ್ ಸಿಕ್ಕಾ ಬಂದು, 2017ರಲ್ಲಿ ರಾಜೀನಾಮೆ ಕೊಟ್ಟರು. ಆಗ ಅಧ್ಯಕ್ಷರಾಗಿ ಮರಳಿದವರು ನಿಲೇಕಣಿ. 2018ರ ಜನವರಿಯಲ್ಲಿ ಸಿಇಒ ಆಗಿ ಬಂದವರು ಸಲಿಲ್ ಪಾರೇಖ್. ನಿಯಮ, ಲೆಕ್ಕಪತ್ರ, ಪದ್ಧತಿ ಎಲ್ಲ ಗಟ್ಟಿಯಿದ್ದ ಕಂಪನಿಯೇ ಎರಡು ಸಲ ಹಳಬರನ್ನು ಕರೆದಿದೆ ಎಂದ ಮೇಲೆ ವರ್ಚಸ್ಸನ್ನು ಹುದ್ದೆಗೆ ಅಂಟಿಸುವುದು ಎಷ್ಟು ನಿಧಾನದ ಕೆಲಸ ಎಂದು ಲೆಕ್ಕ ಹಾಕಿ.

ಒಂದು ಎಚ್ಚರಿಕೆ: ಗೈಡುಗಳಲ್ಲಿ ‘ಸಂವಹನದಲ್ಲಿ ಮಾತು ಶೇ. 7, ದನಿ ಶೇ. 38, ಮುಖ ಶೇ. 55’ ಎಂದಿರುತ್ತದೆ. ಈ ಅಂಕಿಗಳ ಮೂಲವಾದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪರೀಕ್ಷಿಸಿದ್ದು ಇಷ್ಟ-ಅನಿಷ್ಟದ ಭಾವನೆಯನ್ನು, ಅದೂ ಬಿಡಿ ಪದಗಳಲ್ಲಿ. ಭಾಷಣಕ್ಕೆ ಅದನ್ನು ಎಳೆಯಬೇಡಿ.

ನಾನು ಮಾಡಿ ನೋಡಿದ್ದು

ಹಗಲು ನಾನು ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಸೂಪರ್‌ವೈಸರ್. ಶಿಫ್ಟ್ ಶುರುವಿನ ಐದು ನಿಮಿಷದ ಮೀಟಿಂಗಿನಲ್ಲಿ ಹಿಂದೆ ಹೇಳುತ್ತಿದ್ದದ್ದು ಹೀಗೆ: ‘ಈ ತಿಂಗಳು ವಾಪಸ್ ಬಂದ ಪೀಸ್ ಜಾಸ್ತಿ ಆಗಿವೆ. ಮ್ಯಾನೇಜ್‌ಮೆಂಟ್ ಇದನ್ನು ಗಂಭೀರವಾಗಿ ತಗೊಂಡಿದೆ. ಎಲ್ಲರೂ ಕ್ವಾಲಿಟಿ ಕಡೆ ಗಮನ ಕೊಡಬೇಕು.’ ಹೇಳುವಾಗ ನನಗೇ ಆಕಳಿಕೆ.

ತಂತ್ರ ಓದಿದ ವಾರ ತಿದ್ದಿ ಬರೆದದ್ದು: ‘ನಿನ್ನೆ ವಾಪಸ್ ಬಂದ ಡಬ್ಬ ನಾನೇ ಬಿಚ್ಚಿದೆ. 40 ಪೀಸ್. ನೋಡೋಕೆ ಒಂದಕ್ಕಿಂತ ಒಂದು ಚೆನ್ನಾಗಿವೆ. ಮದುವೆ ಮನೇಲಿ ಎಲೆ ತುಂಬ ಬಡಿಸಿ ಸಾರಿಗೆ ಉಪ್ಪು ಮರೆತ ಹಾಗಾಗಿದೆ. ನಿಂತು ದುಡಿದದ್ದು ನೀವು, ಬೆವರು ನಿಮ್ಮದು, ಬೈಗುಳಾನೂ ನಿಮಗೇ ಬಂದ್ರೆ ನ್ಯಾಯಾನಾ? ದೀಪಾವಳಿ ಒಳಗೆ ಒಂದು ಡಬ್ಬಾನೂ ವಾಪಸ್ ಬರಬಾರದು. ಆಗುತ್ತೆ. ಹೋದ ಮಳೆಗಾಲ ಕರೆಂಟ್ ಕೈಕೊಡ್ತಿದ್ದಾಗಲೂ ಮೂರು ವಾರ ಒಂದು ಪೀಸೂ ವಾಪಸ್ ಬಂದಿರಲಿಲ್ಲ. ಮಾಡಿದವರು ನೀವೇ.’

ತಂತ್ರಗಳನ್ನು ನೀವೇ ಗುರುತಿಸಿ, ಆರಕ್ಕೆ ಕಡಿಮೆಯಿಲ್ಲ. ಬರೆಯುವಾಗ ಗೊತ್ತಾದ ಒಂದು ಸಂಗತಿ ಯಾವ ಪಠ್ಯದಲ್ಲೂ ನನಗೆ ಕಾಣಲಿಲ್ಲ. ಅರೆಬರೆ ಇಂಗ್ಲಿಷಿನಲ್ಲಿ ಮಾತಾಡುವಾಗ ನನ್ನ ದನಿ ಚಪ್ಪಟೆಯಾಗುತ್ತದೆ, ಕೈ ಬೆನ್ನ ಹಿಂದೆ ಹೋಗುತ್ತದೆ. ಮನೆಯ ಕನ್ನಡಕ್ಕೆ ಬಂದ ಕೂಡಲೇ ಏರಿಳಿತ, ಮುಖಭಾವ, ಕೈಸನ್ನೆ ಮೂರೂ ತಾವಾಗಿ ಬಂದವು. ಕೇಳುವವರ ಭಾಷೆ ನಮಗೂ ಬರುತ್ತದೆಂದರೆ ಕೊನೆಯ ಮೂರು ತಂತ್ರಕ್ಕೆ ಅಭ್ಯಾಸವೇ ಬೇಡವೇನೋ.

ಮಾತು ಮುಗಿದ ಮೇಲೆ ಎಲ್ಲರೂ ಮೆಷಿನ್ ಕಡೆ ಹೋದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಒಬ್ಬರು ಆಪರೇಟರ್ ಅಣ್ಣ ಮಾತ್ರ ನಿಂತಿದ್ದರು. ‘ಚೆನ್ನಾಗಿ ಮಾತಾಡಿದ್ರಿ ಸಾರ್. ಮೂರನೇ ಮೆಷಿನ್ನಿನಲ್ಲಿ ತೂತಿನ ಅಳತೆ ನೋಡೋ ಗೇಜ್ ಸವೆದು ಆರು ತಿಂಗಳಾಯ್ತು. ಸಣ್ಣ ತೂತಿಗೂ ಹೋಗಿಬಿಡುತ್ತೆ, ನಾವು ಸರಿ ಅಂತ ಪಾಸ್ ಮಾಡ್ತೀವಿ. ಅದೊಂದು ಬದಲಾಯಿಸಿಕೊಡಿ.’

ಅವತ್ತೇ ಹೊಸ ಗೇಜಿಗೆ ಇಂಡೆಂಟ್ (ಬೇಡಿಕೆ ಚೀಟಿ) ಬರೆದೆ. ಗೇಜ್ ಬರಲು 11 ದಿನ ಹಿಡಿಯಿತು. ಅಲ್ಲಿಯವರೆಗೆ ನಾನು ಎರಡನೇ ಭಾಷಣ ಮಾಡಲಿಲ್ಲ.