ಪುಸ್ತಕ ತೆಗೆದಿದ್ದು ಯಾಕೆ ಅಂತ ಕೇಳಬಹುದಾ?

1975ರ ನವೆಂಬರ್. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನ ಒಂದು ಹೈಸ್ಕೂಲಿನಲ್ಲಿ ರಾತ್ರಿ ಹೊತ್ತು ಶಾಲಾ ಮಂಡಳಿಯ ಕೆಲವು ಸದಸ್ಯರು ಜವಾನನ ಕೈಲಿ ಲೈಬ್ರರಿ ಬಾಗಿಲು ತೆಗೆಸಿ ಒಳಗೆ ಹೋದರು. ಪೋಷಕರ ಸಂಘಟನೆಯೊಂದರ ಸಮ್ಮೇಳನದಲ್ಲಿ ಅವರಿಗೆ 'ಕೆಟ್ಟ ಪುಸ್ತಕ'ಗಳ ಪಟ್ಟಿ ಸಿಕ್ಕಿತ್ತು. ಕಾರ್ಡ್ ಕ್ಯಾಟಲಾಗ್ ಜೊತೆ ಅದನ್ನು ತಾಳೆ ನೋಡಿದರು. ಒಂಬತ್ತು ಸಿಕ್ಕವು.

ಅಮೆರಿಕದ ಲೈಬ್ರರಿ ಕೇಸುಗಳ ಕಥೆ ಬಹುಮಟ್ಟಿಗೆ ಈ ರಾತ್ರಿಯಿಂದಲೇ ಶುರು. ಮಂಡಳಿಯವರು ಆಮೇಲೆ ಪೋಷಕರು, ಶಿಕ್ಷಕರನ್ನು ಸೇರಿಸಿ ಒಂದು ಸಮಿತಿ ಮಾಡಿದರು. ಐದು ಪುಸ್ತಕ ಇರಲಿ ಎಂದಿತು ಸಮಿತಿ. ಆ ಸಲಹೆಯನ್ನೂ ಬದಿಗಿಟ್ಟು ಹೆಚ್ಚಿನವನ್ನು ತೆಗೆದೇ ಬಿಟ್ಟರು. ಕೇಳೋದಿಲ್ಲ ಅಂದ ಮೇಲೆ ಸುಮ್ನೆ ಸಮಿತಿ ಯಾಕೆ ಬೇಕಿತ್ತೋ! ಸ್ಟೀವನ್ ಪಿಕೊ ಎಂಬ ವಿದ್ಯಾರ್ಥಿ ಮತ್ತು ಜೊತೆಗಾರರು ಕೋರ್ಟಿಗೆ ಹೋದರು.

1982ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಒಂಬತ್ತು ನ್ಯಾಯಾಧೀಶರು, ಏಳು ಬೇರೆ ಬೇರೆ ಅಭಿಪ್ರಾಯ! ನ್ಯಾಯಮೂರ್ತಿ ಬ್ರೆನನ್ ಬರೆದದ್ದು ಹೀಗಿತ್ತು: ಅಶ್ಲೀಲ ಅಂತಲೋ ಮಕ್ಕಳ ಓದಿಗೆ ಹೊಂದೋದಿಲ್ಲ ಅಂತಲೋ ತೆಗೆದರೆ ಸರಿ, ಆದರೆ ಅದರಲ್ಲಿರೋ ವಿಚಾರ ಹಿಡಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ. ಅಂದರೆ ಏನು ತೆಗೆದರು ಅನ್ನೋದಕ್ಕಿಂತ ಯಾಕೆ ತೆಗೆದರು ಅನ್ನೋದೇ ಮುಖ್ಯ. ಆದರೆ ಇದಕ್ಕೆ ಬಹುಮತ ಸಿಗಲಿಲ್ಲ. ವಿದ್ಯಾರ್ಥಿಗಳ ಪರ ಐದನೇ ಮತ ಕೊಟ್ಟ ನ್ಯಾಯಮೂರ್ತಿ ವೈಟ್, ಮೊದಲು ವಿಚಾರಣೆ ನಡೆದು ಕಾರಣ ಹೊರಗೆ ಬರಲಿ, ಸಂವಿಧಾನದ ಮಾತು ಆಮೇಲೆ ಎಂದರು. ಆ ವಿಚಾರಣೆ ನಡೆಯಲೇ ಇಲ್ಲ, ಮಂಡಳಿಯವರು ಪುಸ್ತಕಗಳನ್ನು ವಾಪಸ್ ಇಟ್ಟುಬಿಟ್ಟರು. ಹೀಗೆ ಗಟ್ಟಿ ಉತ್ತರ ಇಲ್ಲದೆ ಉಳಿದ ಪ್ರಶ್ನೆಯೇ ಮುಂದಿನ ನಾಲ್ಕು ದಶಕದ ಜಗಳಕ್ಕೆ ಮೂಲ.

ಅದು ಶಾಲೆಯ ಲೈಬ್ರರಿ. ಮುಂದೆ ಊರಿನ ಸಾರ್ವಜನಿಕ ಲೈಬ್ರರಿಗೂ ಜಗಳ ಬಂತು. ಟೆಕ್ಸಸ್‌ನ ವಿಚಿಟಾ ಫಾಲ್ಸ್ ನಗರಸಭೆ 1999ರಲ್ಲಿ ವಿಚಿತ್ರ ನಿಯಮ ತಂದಿತು: ಲೈಬ್ರರಿ ಕಾರ್ಡ್ ಇರೋ 300 ಜನ ಸಹಿ ಹಾಕಿದರೆ ಮಕ್ಕಳ ಪುಸ್ತಕ ದೊಡ್ಡವರ ವಿಭಾಗಕ್ಕೆ ಹೋಗಬೇಕು. ಗುರಿ ಇದ್ದದ್ದು ಸಲಿಂಗಿ ಪೋಷಕರಿರುವ ಮನೆಯ ಕಥೆ ಹೇಳೋ ಎರಡು ಪುಟ್ಟ ಪುಸ್ತಕಗಳ ಮೇಲೆ. 2000ದಲ್ಲಿ ಫೆಡರಲ್ ಕೋರ್ಟ್ ಇದನ್ನು ತಳ್ಳಿಹಾಕಿತು. ನಿಷೇಧ ಮಾಡಿಲ್ಲ, ಜಾಗ ಬದಲಿಸಿದ್ದೇವೆ ಅಷ್ಟೇ ಅನ್ನೋ ವಾದ ಅಲ್ಲಿ ನಡೆಯಲಿಲ್ಲ. 2003ರಲ್ಲಿ ಅರ್ಕನ್ಸಾದ ಸೀಡರ್‌ವಿಲ್‌ನಲ್ಲೂ ಅಷ್ಟೇ, ಹ್ಯಾರಿ ಪಾಟರ್ ಓದಲು ಮನೆಯವರ ಅನುಮತಿ ಚೀಟಿ ಬೇಕು ಎಂದಿದ್ದ ಶಾಲಾ ಮಂಡಳಿ ಸೋತಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಮಾತ್ರ ಲೈಬ್ರರಿ ಕಂಪ್ಯೂಟರ್‌ಗಳಿಗೆ ಅಶ್ಲೀಲ ಚಿತ್ರ ತಡೆಯೋ ಇಂಟರ್ನೆಟ್ ಫಿಲ್ಟರ್ ಹಾಕಿಸೋ ಕಾನೂನನ್ನು ಎತ್ತಿಹಿಡಿಯಿತು.

ಈಗ ಟೆಕ್ಸಸ್‌ನ ಲಾನೊ ಕೌಂಟಿಗೆ ಬರೋಣ. 2021ರಲ್ಲಿ ಅಲ್ಲಿನ ಲೈಬ್ರರಿಗಳಿಂದ 17 ಪುಸ್ತಕ ಮಾಯವಾದವು. ಕೆ.ಕೆ.ಕೆ. (ಕರಿಯರನ್ನು ಹಿಂಸಿಸಿದ ಬಿಳಿಯರ ಗುಪ್ತ ಸಂಘಟನೆ) ಇತಿಹಾಸ, ಜಾತಿ-ಜನಾಂಗದ ವಿಚಾರದ ಪುಸ್ತಕಗಳು, ಜೊತೆಗೆ ಹೂಸು ಬಿಡೋ ಯಕ್ಷನ ತಮಾಷೆ ಕಥೆ! ಮಾಮೂಲಿ ವೀಡಿಂಗ್ ಅಷ್ಟೇ ಅಂದರು ಅಧಿಕಾರಿಗಳು. ವೀಡಿಂಗ್ ಅಂದರೆ ಕಳೆ ಕೀಳೋದು, ಹರಿದ, ಹಳತಾದ, ಯಾರೂ ಮುಟ್ಟದ ಪುಸ್ತಕ ತೆಗೆಯೋದು. ಎಲ್ಲ ಲೈಬ್ರರಿಯೂ ಮಾಡುವ ಕೆಲಸ, ಮಾಡಲೇಬೇಕು. ತೊಂದರೆ ಏನೆಂದರೆ, ಹೊರಗಿನಿಂದ ನೋಡಿದವರಿಗೆ ಕಳೆ ಕಿತ್ತದ್ದೂ ಪೈರು ಕಿತ್ತದ್ದೂ ಒಂದೇ ಥರ ಕಾಣುತ್ತದೆ. ಕಾರಣ ಕೇಳದೆ ಗೊತ್ತಾಗೋದಿಲ್ಲ ಅಲ್ವಾ?

2022ರಲ್ಲಿ ಓದುಗರು ಕೇಸು ಹಾಕಿದರು. ಕೇಸು ನಡೀತಿರುವಾಗ ಅದೇ ಪುಸ್ತಕಗಳ ಪ್ರತಿಗಳು ಲೈಬ್ರರಿಗೆ ದಾನವಾಗಿ ಬಂದವು. ಅವನ್ನು ಕಪಾಟಿನಲ್ಲಿ ಇಡಲಿಲ್ಲ, ಕ್ಯಾಟಲಾಗ್‌ಗೂ ಸೇರಿಸಲಿಲ್ಲ, ಕೌಂಟರ್ ಹಿಂದೆ ಇಟ್ಟುಕೊಂಡರು. ಹೆಸರು ಹಿಡಿದು ಕೇಳಿದರೆ ಕೊಡುತ್ತಾರಂತೆ. ಪುಸ್ತಕ ಸಿಗ್ತಿದೆಯಲ್ಲ, ಇನ್ನೇನು ಕೇಸು ಅಂತ ಕೌಂಟಿ ವಾದಿಸಿತು. ಲೈಬ್ರರಿಯಲ್ಲಿ ಇದೆ ಅಂತಲೇ ಗೊತ್ತಿಲ್ಲದ ಪುಸ್ತಕವನ್ನು ಯಾರು ಹೇಗೆ ಕೇಳೋದು? 2023ರ ಮಾರ್ಚ್‌ನಲ್ಲಿ ನ್ಯಾಯಾಧೀಶ ರಾಬರ್ಟ್ ಪಿಟ್‌ಮನ್ 24 ಗಂಟೆಯೊಳಗೆ ಪುಸ್ತಕ ವಾಪಸ್ ಇಡಿ ಎಂದರು. ಕೌಂಟಿಯವರು ಲೈಬ್ರರಿಗಳನ್ನೇ ಮುಚ್ಚಿಬಿಡೋಣವಾ ಅಂತ ಸಭೆ ಸೇರಿದರು. ಕೊನೆಗೆ ಮುಚ್ಚಲಿಲ್ಲ.

ಆದರೆ 2025ರ ಮೇ ತಿಂಗಳಲ್ಲಿ ಐದನೇ ಸರ್ಕ್ಯೂಟ್ (ಸರ್ಕ್ಯೂಟ್ ಅಂದರೆ ಕೆಲವು ರಾಜ್ಯಗಳ ಒಂದು ಗುಂಪು) ಮೇಲ್ಮನವಿ ಕೋರ್ಟಿನ ಪೂರ್ಣ ಪೀಠ 10-7 ಮತದಲ್ಲಿ ಎಲ್ಲವನ್ನೂ ತಿರುಗಿಸಿತು. ಲೈಬ್ರರಿ ಪುಸ್ತಕ ತೆಗೆದರೆ ಮಾಹಿತಿ ಪಡೆಯೋ ಹಕ್ಕಿನ ಹೆಸರಲ್ಲಿ ಕೇಸು ಹಾಕೋ ಹಾಗೇ ಇಲ್ಲ ಎಂದಿತು. ಆ ಹತ್ತರಲ್ಲಿ ಏಳು ಜನ ಇನ್ನೂ ಮುಂದೆ ಹೋದರು: ಲೈಬ್ರರಿಗೆ ಯಾವ ಪುಸ್ತಕ ಅಂತ ಆರಿಸೋದು ಸರ್ಕಾರ ತನ್ನ ಮಾತು ತಾನು ಆಡಿದ ಹಾಗೆ, ಅದಕ್ಕೆ ವಾಕ್ ಸ್ವಾತಂತ್ರ್ಯದ ಹೆಸರಲ್ಲಿ ಅಡ್ಡಿ ಮಾಡೋ ಹಾಗಿಲ್ಲ. ಬೇಕಾದರೆ ಆನ್‌ಲೈನ್‌ನಲ್ಲಿ ಕೊಳ್ಳಿ, ಸ್ನೇಹಿತರ ಹತ್ತಿರ ಇಸ್ಕೊಳ್ಳಿ ಎಂದೂ ತೀರ್ಪು ಹೇಳಿತು. ಕೊಳ್ಳೋ ಶಕ್ತಿ ಇದ್ದವರು ಲೈಬ್ರರಿಗೆ ಯಾಕೆ ಬರುತ್ತಾರೆ ಅನ್ನೋದು ನನ್ನ ತಕರಾರು. ಪರಸ್ಪರ ವಿರುದ್ಧ ಮಾತಾಡೋ ಪುಸ್ತಕಗಳು ಒಂದೇ ಕಪಾಟಿನಲ್ಲಿ ಕೂತಿರುವಾಗ ಅದೆಲ್ಲ ಸರ್ಕಾರದ ಮಾತು ಹೇಗಾಗುತ್ತದೋ ನನಗಂತೂ ಅರ್ಥವಾಗಿಲ್ಲ. ಎಂಟನೇ ಸರ್ಕ್ಯೂಟ್ 2024ರಲ್ಲಿ, ಅಯೋವಾದ ಶಾಲಾ ಲೈಬ್ರರಿಗಳ ಕೇಸಿನಲ್ಲಿ, ಇದೇ ವಾದವನ್ನು ಒಪ್ಪಿರಲಿಲ್ಲ.

2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಾನೊ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಹಾಗಾಗಿ ಟೆಕ್ಸಸ್, ಲೂಸಿಯಾನ, ಮಿಸಿಸಿಪ್ಪಿಯಲ್ಲಿ ಈಗ ಐದನೇ ಸರ್ಕ್ಯೂಟ್ ಹೇಳಿದ್ದೇ ಕಾನೂನು. ಪಕ್ಕದ ಅರ್ಕನ್ಸಾ ಎಂಟನೇ ಸರ್ಕ್ಯೂಟ್‌ಗೆ ಸೇರಿದ್ದು. ಅಲ್ಲಿನ ಕ್ರಾಫರ್ಡ್ ಕೌಂಟಿಯಲ್ಲಿ ಎಲ್‌ಜಿಬಿಟಿ ವಿಷಯದ ಮಕ್ಕಳ ಪುಸ್ತಕಗಳನ್ನು ಎತ್ತಿ 'ಸೋಷಿಯಲ್ ಸೆಕ್ಷನ್' ಅಂತ ಬೇರೆ ಕಡೆ ಇಟ್ಟಿದ್ದರು, 2024ರಲ್ಲಿ ಕೋರ್ಟ್ ಹೇಳಿದ ಮೇಲೆ ಅವು ಮಾಮೂಲಿ ಜಾಗಕ್ಕೆ ಹೋಗಬೇಕಾಯಿತು.