ಉಪ್ಪು ನೀರಿನಲ್ಲಿ ಕರಗುತ್ತದೆ, ಅಸಿಟೋನ್‌ನಲ್ಲಿ ಯಾಕಿಲ್ಲ?

ಪರೀಕ್ಷೆಯಲ್ಲಿ "ಉಪ್ಪು ಧ್ರುವೀಯ ದ್ರಾವಕಗಳಲ್ಲಿ ಕರಗುತ್ತದೆ" ಎಂದು ಬರೆದರೆ ಅಂಕವೇನೋ ಸಿಗುತ್ತದೆ. ಧ್ರುವೀಯ ಅಂದರೆ ಅಣುವಿನ ಒಂದು ತುದಿಯಲ್ಲಿ ಚೂರು ಋಣ, ಇನ್ನೊಂದು ತುದಿಯಲ್ಲಿ ಚೂರು ಧನ ಆವೇಶ ಇರುವಂಥದ್ದು. ಆದರೆ ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಕೂಡ ಧ್ರುವೀಯವೇ, ಅಲ್ವಾ? ನೂರು ಗ್ರಾಂ ಅಸಿಟೋನ್‌ನಲ್ಲಿ ಒಂದು ಮಿಲಿಗ್ರಾಂ ಉಪ್ಪೂ ಕರಗುವುದಿಲ್ಲ. ನಾನು ಬಹಳ ದಿನ ಸುಮ್ನೆ ಆ ಸಾಲನ್ನೇ ಉರು ಹೊಡೆದಿದ್ದೆ.

ಹರಳಿನಿಂದ ಶುರು ಮಾಡೋಣ. ಅದರಲ್ಲಿ ಪ್ರತಿ ಸೋಡಿಯಂ ಅಯಾನಿನ (ಆವೇಶ ಹೊತ್ತ ಪರಮಾಣುವಿನ) ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ಒಂದು ಮೋಲ್, ಅಂದರೆ 58.5 ಗ್ರಾಂ ಉಪ್ಪನ್ನು ಪೂರ್ತಿ ಬಿಡಿ ಅಯಾನುಗಳಾಗಿ ಎಳೆದು ದೂರ ಮಾಡಲು ಸುಮಾರು 787 ಕಿಲೋಜೂಲ್ ಬೇಕು. ನೀರಿನ ಅಣುಗಳು ಆಕ್ಸಿಜನ್ ತುದಿಯನ್ನು ಸೋಡಿಯಂ ಕಡೆಗೆ, ಹೈಡ್ರೋಜನ್ ತುದಿಯನ್ನು ಕ್ಲೋರೈಡ್ ಕಡೆಗೆ ತಿರುಗಿಸಿ ಮುತ್ತಿಕೊಳ್ಳುತ್ತವೆ. ಆಗ ಹೊರಬರುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೊರತೆ ಬೀಳುವುದು ಬರೀ 4 ಕಿಲೋಜೂಲ್. ಅದನ್ನು ನೀರಿನ ಶಾಖದಿಂದಲೇ ಎಳೆದುಕೊಳ್ಳುವುದರಿಂದ ದ್ರಾವಣ ಚೂರು ತಣ್ಣಗಾಗುತ್ತದೆ. ಕೊರತೆ ಇದ್ದೂ ಕರಗುವುದೇಕೆ? ಸಾಲಾಗಿ ಕೂತಿದ್ದ ಅಯಾನುಗಳು ಚೆದುರಿದಾಗ ಎಂಟ್ರೊಪಿ, ಅಂದರೆ ಅಸ್ತವ್ಯಸ್ತತೆ, ಜಾಸ್ತಿಯಾಗುತ್ತದೆ, ಅದಕ್ಕೆ.

ಈಗ ಅಸಿಟೋನ್. ಅದರ ಆಕ್ಸಿಜನ್ ಸೋಡಿಯಂ ಅನ್ನು ಹಿಡಿಯಬಲ್ಲದು. ಕ್ಲೋರೈಡ್ ಬಿಗಿಯಾಗಿ ಹಿಡಿಯಲು ಆಕ್ಸಿಜನ್‌ಗೋ ನೈಟ್ರೋಜನ್‌ಗೋ ಅಂಟಿದ ಹೈಡ್ರೋಜನ್ ಬೇಕು, ಅದು ಅಸಿಟೋನ್‌ನಲ್ಲಿಲ್ಲ. ಚೂರು ಧನ ಆವೇಶವಿರುವ ಕಾರ್ಬನ್ ಎರಡು ಮೀಥೈಲ್ (CH₃) ಗುಂಪುಗಳ ನಡುವೆ ಅಡಗಿದೆ. ಒಂದು ಕೈ ಇದ್ದು ಇನ್ನೊಂದು ಕೈ ಇಲ್ಲದ ಹಾಗೆ.

ಮದ್ಯಸಾರಗಳಿಗೆ ಎರಡೂ ಕೈ ಇವೆ, ಬಲ ಮಾತ್ರ ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರು ಗ್ರಾಂ ನೀರು 36 ಗ್ರಾಂ ಉಪ್ಪು ಕರಗಿಸಿದರೆ ಮೆಥನಾಲ್ 1.4 ಗ್ರಾಂ, ಎಥನಾಲ್ ಬರೀ 0.065 ಗ್ರಾಂ. ಕಾರ್ಬನ್ ಸರಪಳಿ ಒಂದೇ ಒಂದು ಕೊಂಡಿ ಉದ್ದವಾಗಿದ್ದಕ್ಕೆ ಇಷ್ಟು ಇಳಿತ! ಧ್ರುವೀಯವೇ ಅಲ್ಲದ ಹೆಕ್ಸೇನ್ ಬಗ್ಗೆ ಕೇಳಲೇಬೇಡಿ.

ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ದ್ರಾವಕ ಆವೇಶಗಳ ನಡುವಿನ ಸೆಳೆತವನ್ನು ಎಷ್ಟು ಪಟ್ಟು ಕಡಿಮೆ ಮಾಡುತ್ತದೆ ಎಂಬ ಸಂಖ್ಯೆ, ನೋಡಿ ಉತ್ತರ ಹೇಳಿಬಿಡಬಹುದು ಅಂದುಕೊಂಡರೆ ಫಾರ್ಮಮೈಡ್ ಎಂಬ ಇನ್ನೊಂದು ದ್ರಾವಕ ಕೈಕೊಡುತ್ತದೆ. ಅದರ ಸ್ಥಿರಾಂಕ ಸುಮಾರು 109, ನೀರಿನದು 78. ಆದರೂ ಅದರಲ್ಲಿ ಕರಗುವುದು 9 ಗ್ರಾಂ ಚಿಲ್ಲರೆ ಅಷ್ಟೇ. ಅಯಾನುಗಳ ನಡುವಿನ ಸೆಳೆತ ಕಡಿಮೆ ಮಾಡಿದರೆ ಸಾಲದು, ಪ್ರತಿ ಅಯಾನನ್ನೂ ಹತ್ತಿರದಿಂದ ಬಿಗಿಯಾಗಿ ಹಿಡಿಯಲೂಬೇಕು.

ಕಣ್ಣಾರೆ ನೋಡಬೇಕಾದರೆ ಉಪ್ಪಿನ ಪರ್ಯಾಪ್ತ (ಇನ್ನು ಉಪ್ಪು ಕರಗದಷ್ಟು ತುಂಬಿದ) ದ್ರಾವಣಕ್ಕೆ ಎಥನಾಲ್ ಹನಿ ಹನಿಯಾಗಿ ಬಿಡಿ. ತಿಳಿಯಾಗಿದ್ದ ದ್ರಾವಣ ಬೆಳ್ಳಗೆ ಮಸುಕಾಗುತ್ತದೆ, ಸ್ವಲ್ಪ ಹೊತ್ತಿಗೆ ಹಿಟ್ಟಿನಂಥ ಪುಡಿ ತಳಕ್ಕಿಳಿಯುತ್ತದೆ. ಆ ಪುಡಿ ಉಪ್ಪೇ. ನೀರಿನ ಅಣುಗಳನ್ನು ಎಥನಾಲ್ ತನ್ನ ಕಡೆ ಸೆಳೆದುಕೊಂಡಿದೆ.